ಟೋಲ್‌ಗೇಟಿನ ಬಂಧುಬಳಗ

ಮಂಡ್ಯದಿಂದ ಮೈಸೂರಿಗೆ ದಿನಾ ಕೆಲಸಕ್ಕೆ ಹೋಗೋರು ನಾವು ನಾಲ್ವರು. ಕಾರು ನಂದು, ಪೆಟ್ರೋಲು ಎಲ್ಲರದ್ದು. ನೆಟ್ಟಗೆ ನಡೀತಿದ್ದ ಈ ಸಂಸಾರಕ್ಕೆ 2025ರ ಡಿಸೆಂಬರಿನ ಒಂದು ಭಾನುವಾರ ರಾತ್ರಿ ಕಲ್ಲು ಬಿತ್ತು. ಹಿಂದಿನ ಸೀಟಿನ ಮೇಷ್ಟ್ರು ವಾಟ್ಸ್ಯಾಪಿಗೆ ಒಂದು ಮೆಸೇಜು ಬಿಟ್ಟರು: 'ಕಾರ್‌ಪೂಲ್ ಬಂದ್. ಹೈವೇಲಿ ಹಿಡೀತಾವ್ರೆ. ಎಲ್ರಿಗೂ ಕಳ್ಸಿ.' ತಾರೀಖಿಲ್ಲ, ಊರಿಲ್ಲ.

ಈಗಿನ ರೂಲ್ಸ್ ಏನಿದೆಯೋ ನೋಡೇಬಿಡೋಣ ಅಂತ ಮೊಬೈಲಲ್ಲಿ ಹುಡುಕಿದರೆ, ಅದು ನನ್ನನ್ನು ಸೀದಾ ಕ್ಯಾಲಿಫೋರ್ನಿಯಾಕ್ಕೆ ಕರ್ಕೊಂಡು ಹೋಯಿತು. ಅಲ್ಲಿ ಕಾರ್‌ಪೂಲಿಗೆ ಅಂತಲೇ ಒಂದು ಲೇನು, ರಸ್ತೆ ಮೇಲೆ ವಜ್ರದಾಕಾರದ ಗುರುತು. ಅದರಲ್ಲಿ ಒಬ್ಬನೇ ನುಗ್ಗಿದರೆ ಕಮ್ಮಿ ಅಂದ್ರೂ 490 ಡಾಲರ್ ದಂಡ. ಎಲೆಕ್ಟ್ರಿಕ್ ಕಾರಿನವರು ಸ್ಟಿಕ್ಕರ್ ಅಂಟಿಸಿಕೊಂಡು ಒಬ್ಬೊಬ್ಬರೇ ಹೋಗಬಹುದಿತ್ತು. 2025ರ ಸೆಪ್ಟೆಂಬರ್ 30ಕ್ಕೆ ಆ ಸವಲತ್ತೂ ಮುಗೀತು. ಜನ ಹತ್ತಿಸಿಕೊಳ್ಳದಿದ್ದರೆ ದಂಡ ಹಾಕೋ ಸೀಮೆಯೂ ಉಂಟಲ್ಲ ಅಂತ ಬೆರಗಾಗಿ ಕೂತಿದ್ದಾಗಲೇ ಒಲೆ ಮೇಲಿನ ಹಾಲು ಉಕ್ಕಿದ್ದು. ಹೆಂಡತಿ ಅದಕ್ಕೆ ಹಾಕಿದ ದಂಡ ಬೇರೆ.

ಪಕ್ಕದ ಮನೆಯವರನ್ನು ಕೇಳಿದೆ. "ನಮ್ಮ ಬೆಂಗಳೂರು-ಮೈಸೂರು ಹೈವೇಲಿ ಬಂದ್ ಆಗಿರೋದು ಬೈಕು, ಆಟೋ, ಟ್ರ್ಯಾಕ್ಟರ್ ಕಣ್ರೀ" ಅಂದರು. ಅದು ನಿಜವೇ, 2023ರ ಆಗಸ್ಟ್ 1ರಿಂದ ಅವಕ್ಕೆಲ್ಲ ಸರ್ವಿಸ್ ರಸ್ತೆಯೇ ಗತಿ. ಮೇಷ್ಟ್ರ ಮೆಸೇಜು ಅದೇ ವರ್ಷ ಬೆಂಗಳೂರಲ್ಲಿ ಕಾರ್‌ಪೂಲ್ ಆ್ಯಪ್‌ಗಳ ಮೇಲೆ ಎದ್ದ ಗಲಾಟೆಯ ಮರಿ ಇದ್ದಂಗಿತ್ತು. ಬಿಳಿ ಬೋರ್ಡಿನ ಗಾಡೀಲಿ ಬಾಡಿಗೆಗೆ ಜನ ಹತ್ತಿಸೋ ಹಾಗಿಲ್ಲ, ಸರಿ. ಪೆಟ್ರೋಲ್ ದುಡ್ಡು ಹಂಚಿಕೊಂಡರೆ ಅದು ಬಾಡಿಗೆಯೋ, ವಿಶ್ವಾಸವೋ? ಕಾನೂನು ಓದಿದ ನನ್ನ ಷಡ್ಡಕ "ಅದು ಹಿಡಿಯೋನ ಮೇಲೆ ಹೋಗುತ್ತೆ" ಅಂದು, ಕಾಫಿ ಕುಡಿದು ಎದ್ದ.

ಸೋಮವಾರ ಬೆಳಿಗ್ಗೆ ಕಾರಲ್ಲೇ ನೆಂಟಸ್ತನ ಹಂಚಿದೆವು. ಮೇಷ್ಟ್ರು ಸೋದರಮಾವ, ಬ್ಯಾಂಕಿನ ಮೇಡಂ ಅತ್ತಿಗೆ, ಫ್ಯಾಕ್ಟರಿ ಹುಡುಗ ತಮ್ಮ. ಇಂಡುವಾಳು ದಾಟೋವರೆಗೂ ಪಾಠ ಒಪ್ಪಿಸಿದ್ದೇ ಒಪ್ಪಿಸಿದ್ದು.

ಗಣಂಗೂರು ಟೋಲಲ್ಲಿ ಗೇಟು ಏಳಲಿಲ್ಲ. ಒಬ್ಬ ಬಂದು ಗಾಜು ತಟ್ಟಿದ. ನಾನು ಪೂರ್ತಿ ಇಳಿಸೋಕೂ ಮುಂಚೆ ಮೇಷ್ಟ್ರು, "ನಾವೆಲ್ಲಾ ಒಂದೇ ಮನೆಯೋರು ಸಾರ್, ನಾನು ಸೋದರಮಾವ!" ಅಂದರು. ಮೇಡಂ "ನಾನು ಅತ್ತಿಗೆ" ಅಂದರು. ಹುಡುಗ ಗಾಬರಿಗೆ ಪಾಠ ಮರೆತು "ನಾನು ಅಳಿಯ" ಅಂದುಬಿಟ್ಟ. ನನ್ನ ಮಗಳಿನ್ನೂ ಯುಕೆಜಿ.

ಆತ ನಾಲ್ಕೂ ಮುಖ ನಿಧಾನವಾಗಿ ನೋಡಿದ. "ಆಗ್ಲಿ ಸಾರ್, ಸಂತೋಷ. ಫಾಸ್ಟ್ಯಾಗಲ್ಲಿ ದುಡ್ಡಿಲ್ಲ. ಕ್ಯಾಶ್ ಆದ್ರೆ ಡಬಲ್, ಯುಪಿಐ ಆದ್ರೆ ಒಂದೂಕಾಲು ಪಟ್ಟು. ನವೆಂಬರ್ 15ರಿಂದ ಹೊಸ ರೂಲು, ನೋಡಿಲ್ವಾ?"

ರಾತ್ರಿಯೆಲ್ಲಾ ಕ್ಯಾಲಿಫೋರ್ನಿಯಾ ಸುತ್ತಿದವನಿಗೆ ಇದೊಂದು ಕಣ್ಣಿಗೆ ಬಿದ್ದಿರಲಿಲ್ಲ. ಹಿಂದಿನ ಗಾಡಿಯವನು ಹಾರನ್ ಬಡೀತಿದ್ದ. ಫೋನು ತೆಗೆದು ಕಟ್ಟಿದೆ.

ಶ್ರೀರಂಗಪಟ್ಟಣ ಬರೋ ಹೊತ್ತಿಗೆ, ಇದನ್ನೂ ನಾಲ್ಕು ಭಾಗ ಮಾಡೋಣ್ವಾ ಅಂತ ಮೆಲ್ಲಗೆ ಎತ್ತಿದೆ. ಮೇಷ್ಟ್ರು ಕಿಟಕಿಯಿಂದ ಆಚೆ ಗದ್ದೆ ನೋಡ್ತಾ ಅಂದರು: "ಸೋದರಮಾವನ ಹತ್ರ ಯಾರಾದ್ರೂ ಟೋಲ್ ದುಡ್ಡು ಕೇಳ್ತಾರೇನಪ್ಪಾ?"