ರಿಪೋರ್ಟ್ ತಡೆಹಿಡಿಯುವುದು ಯಾಕೆ?

ಡಾಕ್ಟರು ನೋಡುವ ಮೊದಲೇ ಲ್ಯಾಬ್ ಟೆಸ್ಟ್ ರಿಪೋರ್ಟ್ ಮೊಬೈಲಿಗೆ ಬಂದರೆ ರೋಗಿಗಳು ಸುಮ್ನೆ ಹೆದರುತ್ತಾರೆ, ಅದಕ್ಕೇ ತಡೆಹಿಡಿಯಬೇಕು ಎಂದು ಒಂದು ಲೇಖನದಲ್ಲಿ ಓದಿದೆ. ನಾನು ಒಪ್ಪುವುದಿಲ್ಲ. ನಮ್ಮ ಅಮ್ಮನಿಗೆ ಸಕ್ಕರೆ ಕಾಯಿಲೆ. ಪ್ಲಾಸ್ಟಿಕ್ ಕವರಿನ ತುಂಬ ರಿಪೋರ್ಟುಗಳಿದ್ದರೂ ಪ್ರತಿ ಸಲ ಡಾಕ್ಟರು ನೋಡುತ್ತಿದ್ದದ್ದು ಮೇಲಿನ ಹಾಳೆ ಮಾತ್ರ. ಹಳೆಯದೆಲ್ಲ ಮೊಬೈಲಿನಲ್ಲಿ ಒಟ್ಟಿಗೆ ಸಿಕ್ಕಾಗಲೇ ನಮಗೆ ಗೊತ್ತಾಗಿದ್ದು: ಕ್ರಿಯಾಟಿನಿನ್ (ಕಿಡ್ನಿ ಸರಿಯಾಗಿ ಕೆಲಸ ಮಾಡದಿದ್ದರೆ ರಕ್ತದಲ್ಲಿ ಏರುವ ಅಂಶ) 0.7, ಆಮೇಲೆ 0.9, ಆಮೇಲೆ 1.4. ಮೊದಲೆರಡೂ ‘ನಾರ್ಮಲ್’ ಅಂತಲೇ ಇದ್ದವು. ನಾವು ಕೇಳಿದ ಮೇಲೆ ಕಿಡ್ನಿ ಡಾಕ್ಟರ ಬಳಿ ಕಳಿಸಿದರು.

ಬಯಾಪ್ಸಿ (ದೇಹದ ಚೂರು ತೆಗೆದು ಕ್ಯಾನ್ಸರ್‌ನಂಥ ಕಾಯಿಲೆ ಇದೆಯಾ ಎಂದು ನೋಡುವ ಪರೀಕ್ಷೆ) ಫಲಿತಾಂಶವನ್ನು ರಾತ್ರಿ ಹತ್ತು ಗಂಟೆಗೆ ಒಬ್ಬರೇ ಕೂತು ಓದುವ ಸಂಕಟ ಯಾರಿಗೂ ಬೇಡ, ನಿಜ. ಅಂಥದ್ದಕ್ಕೆ ಡಾಕ್ಟರು ಮೊದಲು ಫೋನ್ ಮಾಡಲಿ. ಶುಗರ್, ಥೈರಾಯ್ಡ್, ಕಿಡ್ನಿ ಟೆಸ್ಟುಗಳು ಬಂದ ಕೂಡಲೇ ಸಿಗಬೇಕು. ಜೊತೆಗೆ ಕನ್ನಡದಲ್ಲಿ ಎರಡು ಸಾಲು ವಿವರಣೆ ಇದ್ದರೆ ಅಮ್ಮನೇ ಓದಿಕೊಳ್ಳುತ್ತಾರೆ.