ಅಕಾರ, ಹಕಾರ ಮತ್ತು ಒಂದು ಹಳೇ ಪ್ಲೇಟು

ಬಿವಿಕೆ ಅಯ್ಯಂಗಾರ್ ರಸ್ತೆಯ ಸಂಡೇ ಬಜಾರಿಗೆ ನಾನು ಹೋಗಿದ್ದು ಮಿಕ್ಸಿ ಜಾರಿನ ಮುಚ್ಚಳ ಹುಡುಕಿಕೊಂಡು. ಮುಚ್ಚಳ ಸಿಗಲಿಲ್ಲ. ಸಿಕ್ಕಿದ್ದು ಒಂದು ಗ್ರಾಮಫೋನ್ ಪ್ಲೇಟು. ಹಳೇ ಬೀಗ, ಒಂಟಿ ಶೂ, ರಿಮೋಟುಗಳ ರಾಶಿಯ ನಡುವೆ ಮಲಗಿತ್ತು. ಮಾರುವವನು ಇನ್ನೂರು ಅಂದ, ನಾನು ಐವತ್ತು ಅಂದೆ, ಎಂಬತ್ತಕ್ಕೆ ಮುಗಿಯಿತು. ಮನೆಗೆ ಬಂದಾಗ ಹೆಂಡತಿ ಕೇಳಿದ್ದು ಮುಚ್ಚಳ.

ಕೊಳ್ಳುವ ಹಾಗೆ ಮಾಡಿದ್ದು ಅದರ ರಟ್ಟಿನ ಮೇಲಿನ ಚಿತ್ರ. ಮೇಲೆ ಮೋಡದಲ್ಲಿ ಗಡ್ಡದ ಮುದುಕ, ದೇವರ ಹಾಗೆ. ಅವನ ಕೈಯಲ್ಲಿ ಸೂತ್ರ. ಸೂತ್ರದ ತುದಿಯಲ್ಲಿ ಒಬ್ಬ ಗಂಡಸು. ಆ ಗಂಡಸಿನ ಕೈಯಲ್ಲೂ ಸೂತ್ರ, ಅದರ ತುದಿಯಲ್ಲಿ ಒಬ್ಬ ಹುಡುಗಿ. ಗೊಂಬೆಯಾಟದವನೇ ಗೊಂಬೆ! ಬರೆದದ್ದು ವ್ಯಂಗ್ಯಚಿತ್ರಕಾರ ಆಲ್ ಹರ್ಷ್‌ಫೆಲ್ಡ್. ಮೋಡದಲ್ಲಿರುವವನು ಬರ್ನಾರ್ಡ್ ಶಾ. ತನ್ನ 'ಪಿಗ್ಮೇಲಿಯನ್' ನಾಟಕವನ್ನು ಹಾಡಿನ ನಾಟಕ ಮಾಡೋಕೆ ಆತ ಬದುಕಿರುವವರೆಗೆ ಬಿಟ್ಟಿರಲಿಲ್ಲ. 1950ರಲ್ಲಿ ಹೋದ. ಆರು ವರ್ಷದಲ್ಲಿ ಅದು 'ಮೈ ಫೇರ್ ಲೇಡಿ' ಆಗಿ ನ್ಯೂಯಾರ್ಕಿನಲ್ಲಿ ಹಾಡತೊಡಗಿತು. ಮೋಡದಲ್ಲಿ ಕೂತು ಸೂತ್ರ ಆಡಿಸುತ್ತಿದ್ದನೋ, ಹಲ್ಲು ಕಡಿಯುತ್ತಿದ್ದನೋ!

ಇಂಥ ಪ್ಲೇಟಿಗೆ ಅಲ್ಲಿಯವರು 'ಒರಿಜಿನಲ್ ಕಾಸ್ಟ್ ರೆಕಾರ್ಡಿಂಗ್' ಅನ್ನುತ್ತಾರೆ. ನಾಟಕದಲ್ಲಿ ಮೊದಲು ಬಣ್ಣ ಹಚ್ಚಿದವರೇ ಹಾಡಿರಬೇಕು, ಅದೇ ಅದರ ಗತ್ತು. 1943ರಲ್ಲಿ 'ಓಕ್ಲಹೋಮಾ!' ನಾಟಕದ ಹಾಡುಗಳು ಬಂದಾಗ ಆರು ಪ್ಲೇಟು ಬೇಕಾಗಿದ್ದವು. ಒಂದೊಂದು ಮಗ್ಗುಲಿಗೆ ಮೂರೋ ನಾಲ್ಕೋ ನಿಮಿಷ. ಮಗುಚಿ ಹಾಕೋಕೆ ಎದ್ದು ಎದ್ದು ಸೊಂಟ ಹೋಗಬೇಕು. 1948ರಲ್ಲಿ ಕೊಲಂಬಿಯಾ ಕಂಪನಿ ತುಂಬ ಹೊತ್ತು ಓಡುವ ಪ್ಲೇಟು, ಅಂದರೆ ಎಲ್‌ಪಿ ತಂದ ಮೇಲೆ ಒಂದೇ ಸಲ ಎದ್ದರೆ ಸಾಕಾಯಿತು.

ನ್ಯೂಯಾರ್ಕಿನಲ್ಲಿ 'ಮೈ ಫೇರ್ ಲೇಡಿ' ಮೊದಲ ಆಟ 1956ರ ಮಾರ್ಚ್ 15ಕ್ಕೆ. ಹತ್ತು ದಿನಕ್ಕೆ, ಮಾರ್ಚ್ 25ರ ಭಾನುವಾರ, ತಂಡವೆಲ್ಲ ರೆಕಾರ್ಡಿಂಗಿಗೆ ಬಂತು. ಯಾಕೆ ಭಾನುವಾರ ಅಂದರೆ ಅವತ್ತು ಆಟಕ್ಕೆ ರಜಾ. ಪಾಪ, ಇದ್ದ ಒಂದು ರಜಾದಲ್ಲೂ ದುಡಿದಿದ್ದಾರೆ. ಸ್ಟುಡಿಯೋ ಇದ್ದದ್ದು 30ನೇ ಬೀದಿಯಲ್ಲಿ, ಒಂದು ಹಳೇ ಚರ್ಚಿನ ಕಟ್ಟಡದಲ್ಲಿ. ಎತ್ತರದ ಮಾಡು, ಮರದ ನೆಲ. ಸೂತ್ರ ಹಿಡಿದವನು ಕೊಲಂಬಿಯಾ ಕಂಪನಿಯ ಗಾಡರ್ಡ್ ಲೀಬರ್ಸನ್. ನಾಟಕಕ್ಕೆ ದುಡ್ಡು ಹಾಕಿದ್ದೂ ಕೊಲಂಬಿಯಾದ ಒಡೆಯ, ಸಿಬಿಎಸ್ ಅನ್ನೋ ರೇಡಿಯೋ-ಟಿವಿ ಕಂಪನಿಯೇ. ಹಾಕಿದ ದುಡ್ಡು ಹೋಗಲಿಲ್ಲ ಬಿಡಿ. ಈ ಪ್ಲೇಟು ಅಮೆರಿಕದಲ್ಲಿ ಚೆನ್ನಾಗಿ ಮಾರುವ ಪ್ಲೇಟುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಕೂತಿದ್ದು 480 ವಾರ. ಒಂದು ಮಗು ಹುಟ್ಟಿ ನಾಲ್ಕನೇ ಕ್ಲಾಸಿಗೆ ಬರುವಷ್ಟು ಕಾಲ. ಬ್ರಿಟನ್ನಿನಲ್ಲಂತೂ 1958ರಲ್ಲಿ ಲಂಡನ್ನಿನ ಆಟ ಶುರುವಾಗುವವರೆಗೆ ಪ್ಲೇಟನ್ನು ಮಾರುವ ಹಾಗೇ ಇರಲಿಲ್ಲ. ಅಮೆರಿಕಕ್ಕೆ ಹೋದವರು ಪೆಟ್ಟಿಗೆಯಲ್ಲಿ ಬಟ್ಟೆ ನಡುವೆ ಇಟ್ಟುಕೊಂಡು ಬರುತ್ತಿದ್ದರು. ಕಥೆ ನಡೆಯುವುದೇ ಲಂಡನ್ನಿನಲ್ಲಿ, ಹಾಡು ಮಾತ್ರ ಕಳ್ಳಮಾಲು!

ಮೊದಲ ಸಲ ಸೂಜಿ ಇಟ್ಟಾಗ ನನಗೆ ಆಶ್ಚರ್ಯವಾಗಿದ್ದು ಚಪ್ಪಾಳೆ ಇಲ್ಲದ್ದು. ಕಂಪನಿ ನಾಟಕ ನೋಡಿದವರಿಗೆ ಗೊತ್ತು, ಹಾಡು ಚೆನ್ನಾಗಿದ್ದರೆ ಮುಗಿಯೋಕೆ ಮುಂಚೆಯೇ ಹಿಂದಿನ ಸಾಲಿನಿಂದ "ಒನ್ಸ್ ಮೋರ್" ಬರುತ್ತದೆ. ಸತ್ತವನು ಎದ್ದು ಕೂತು ಇನ್ನೊಮ್ಮೆ ಹಾಡಿ ಮತ್ತೆ ಸಾಯುತ್ತಾನೆ. ಸ್ಟುಡಿಯೋದಲ್ಲಿ ಒನ್ಸ್ ಮೋರ್ ಅನ್ನುವವನು ಗಾಜಿನ ಹಿಂದೆ ಕೂತವನೊಬ್ಬನೇ. ಅವನು ಹಾಗಂದರೆ ಎಲ್ಲೋ ತಪ್ಪಾಗಿದೆ ಅಂತ ಅರ್ಥ.

ಇನ್ನು ಹೀರೋ. ಹಿಗ್ಗಿನ್ಸ್ ಪಾತ್ರದ ರೆಕ್ಸ್ ಹ್ಯಾರಿಸನ್‌ಗೆ ಹಾಡೋಕೆ ಬರುತ್ತಿರಲಿಲ್ಲ. ಹಾಡಿನ ನಾಟಕದ ಹೀರೋಗೇ ಹಾಡು ಬರಲ್ಲ! ಅದಕ್ಕೆ ಲರ್ನರ್ ಮತ್ತು ಲೋ ಜೋಡಿ ಅವನಿಗೆ ಮಾತಿನ ಹಾಗೇ ಓಡುವ ಹಾಡು ಕಟ್ಟಿಕೊಟ್ಟರು. ಅರ್ಧ ಮಾತು, ಅರ್ಧ ರಾಗ. ನ್ಯೂಯಾರ್ಕಿಗೆ ಬರುವ ಮುಂಚೆ ನ್ಯೂ ಹೇವನ್ ಅನ್ನೋ ಊರಲ್ಲಿ ಮೊದಲ ಆಟ ಇಟ್ಟಿದ್ದರು. ಅಲ್ಲಿಯವರೆಗೆ ಪಿಯಾನೊ ಜೊತೆ ತಾಲೀಮು ಮಾಡಿದ್ದ ಹ್ಯಾರಿಸನ್ ಪೂರ್ತಿ ವಾದ್ಯವೃಂದದ ಸದ್ದು ಕೇಳಿ ಗಾಬರಿಯಾದ. ಇವತ್ತು ನಾನು ಸ್ಟೇಜ್ ಹತ್ತಲ್ಲ ಅಂತ ಕೂತುಬಿಟ್ಟ. ಹೊರಗೆ ಹಿಮ ಸುರಿಯುತ್ತಿತ್ತು. ಕಾಡಿ ಬೇಡಿ ಹತ್ತಿಸಿದರು. ಆಟ ಗೆದ್ದಿತು.

ಪ್ಲೇಟಿನಲ್ಲಿ ಆ ಗಾಬರಿಯ ಗುರುತೂ ಇಲ್ಲ. ಪಕ್ಕದ ಕುರ್ಚಿಯಲ್ಲಿ ಕೂತು ನಮ್ಮ ಮೇಲೇ ರೇಗುತ್ತಿರುವ ಮೇಷ್ಟ್ರ ಹಾಗಿದ್ದಾನೆ. ನನ್ನ ಪ್ಲೇಟಿಗೆ ಅವನ ಒಂದು ಹಾಡಿನಲ್ಲಿ ಗೀರು ಬಿದ್ದಿದೆ. ಸೂಜಿ ಅಲ್ಲಿಗೆ ಬಂದರೆ ಹಿಗ್ಗಿನ್ಸ್ ಹೇಳಿದ್ದೇ ಹೇಳುತ್ತಾನೆ, ನಾನು ಎದ್ದು ತಟ್ಟುವವರೆಗೆ. ಅವನ ಸ್ವಭಾವಕ್ಕೆ ಸರಿಯಾಗಿಯೇ ಇದೆ ಅಂತ ಬಿಟ್ಟಿದ್ದೇನೆ. ಆಮೇಲೆ ಲಂಡನ್ನಿನಲ್ಲಿ ಇದೇ ಮುಖ್ಯ ನಟರು ಸ್ಟೀರಿಯೋದಲ್ಲಿ ಮತ್ತೆ ಹಾಡಿದ ರೆಕಾರ್ಡೂ ಇದೆ. ಸದ್ದು ಶುದ್ಧ, ಎಡ ಬಲ ಎಲ್ಲ ಬೇರೆ ಬೇರೆ. ನನ್ನ ಮತ ಮಾತ್ರ ಹಳೇ ಮೋನೋಗೆ. ಲಂಡನ್ನಿನಲ್ಲಿ ಅವರಿಗೆ ತಾವು ಗೆದ್ದಿದ್ದೇವೆ ಅಂತ ಗೊತ್ತು. ಹತ್ತು ದಿನದ ಹೊಸಬಿಸಿ ಅದರಲ್ಲಿಲ್ಲ.

ಕಥೆ ಗೊತ್ತಿರಬಹುದು. ಎಲಿಜಾ ಡೂಲಿಟಲ್ ಲಂಡನ್ ಬೀದಿಯ ಹೂ ಮಾರುವ ಹುಡುಗಿ. ಅವಳ ಮಾತು ಒರಟು ಕಾಕ್ನಿ, ಅಂದರೆ ಲಂಡನ್ನಿನ ಬಡವರ ಬೀದಿ ಇಂಗ್ಲಿಷು. ಉಚ್ಚಾರಣೆಯ ಪಂಡಿತ ಹಿಗ್ಗಿನ್ಸ್ ಅವಳ ಮಾತು ತಿದ್ದಿ, ದೊಡ್ಡವರ ಮನೆಯವಳು ಅಂತ ಊರನ್ನೇ ನಂಬಿಸುತ್ತೇನೆ ಎಂದು ಪಂಥ ಕಟ್ಟುತ್ತಾನೆ. ಅವಳ ದೊಡ್ಡ ಕಾಯಿಲೆ ಏನು ಗೊತ್ತಾ? ಹಕಾರ ಬರಲ್ಲ.

ಇದನ್ನು ಕೇಳಿದ ದಿನ ನಾನು ಸೂಜಿ ಎತ್ತಿಟ್ಟು ಸುಮ್ನೆ ಕೂತಿದ್ದೆ. ನಾನು ಮಂಡ್ಯದ ಕಡೆಯವನು. ಮೈಸೂರಿಗೆ ಹೈಸ್ಕೂಲಿಗೆ ಸೇರಿದ ಮೊದಲ ವಾರ ಮೇಷ್ಟ್ರು ನನ್ನನ್ನು ನಿಲ್ಲಿಸಿ "ಹಕ್ಕಿ ಅನ್ನು" ಅಂದರು. "ಅಕ್ಕಿ" ಅಂದೆ. "ಅದು ಅನ್ನ ಮಾಡೋದು. ಹಾರೋದು ಅನ್ನು." "ಆರೋದು." ಕ್ಲಾಸೆಲ್ಲ ನಕ್ಕಿತು. ತಿಂಗಳೊಪ್ಪತ್ತು ಸಾಧನೆ ಮಾಡಿ ಹಕಾರ ಹಿಡಿದೆ. ಹಿಡಿದದ್ದು ಎಷ್ಟು ಗಟ್ಟಿ ಅಂದರೆ ಬೇಡದ ಕಡೆಯೆಲ್ಲ ಬರತೊಡಗಿತು. ಕ್ಲಾಸಿನ ಆರತಿ ನನ್ನ ಬಾಯಲ್ಲಿ ಹಾರತಿ ಆದಳು. ವರ್ಷವಿಡೀ ಅವಳು ನನ್ನ ಜೊತೆ ಮಾತಾಡಲಿಲ್ಲ.

ಆಮೇಲೆ ಪಿಯುಸಿಯಲ್ಲಿ ಹಳಗನ್ನಡ ಓದುವಾಗ ಒಂದು ಸಮಾಧಾನ ಸಿಕ್ಕಿತು. ಪಂಪನ ಕಾಲದಲ್ಲಿ ಅದು 'ಪಾಲ್'. ಆಮೇಲೆ ಪಕಾರ ಸವೆದು 'ಹಾಲು' ಆಯಿತು. ನಮ್ಮೂರಿಗೆ ಬರುವ ಹೊತ್ತಿಗೆ ಹಕಾರವೂ ಸವೆದು 'ಆಲು'. ಅಂದರೆ ನಾವು ತಪ್ಪಿಲ್ಲ ಸ್ವಾಮಿ, ಒಂದು ಹೆಜ್ಜೆ ಮುಂದಿದ್ದೇವೆ. ಇದನ್ನು ಮೇಷ್ಟ್ರಿಗೆ ಹೇಳೋಕೆ ಧೈರ್ಯ ಬರಲಿಲ್ಲ.

ಪ್ಲೇಟಿನ ಮೊದಲ ಮಗ್ಗುಲಿನ ಕೊನೆಯ ಹೊತ್ತಿಗೆ ಎಲಿಜಾಗೆ ಹಕಾರ ಬರುತ್ತದೆ. ಇಂಗ್ಲೆಂಡಿನ ಮೂರು ಜಾಗದ ಹೆಸರು, ಮೂರೂ ಹಕಾರದವು, ಒಂದೂ ಜಾರದೆ ಹೇಳಿಬಿಡುತ್ತಾಳೆ. ಹಿಗ್ಗಿನ್ಸ್, ಅವನ ಗೆಳೆಯ, ಗಂಡಸರಿಬ್ಬರೂ ಕುಣಿಯುತ್ತಾರೆ. ಈಗಲೂ ಅಲ್ಲಿ ನನ್ನ ನಾಲಿಗೆ ಅಂಗುಳಿಗೆ ಅಂಟಿಕೊಳ್ಳುತ್ತದೆ, ಎಲ್ಲಿ ಜಾರುತ್ತಾಳೋ ಅಂತ. ಹಾಡಿದ ಜೂಲಿ ಆಂಡ್ರೂಸ್‌ಗೆ ಆಗ ಇಪ್ಪತ್ತು ವರ್ಷ. ಅವಳ ಕಷ್ಟ ಉಲ್ಟಾ. ಶುದ್ಧ ಇಂಗ್ಲಿಷಿನ ಹುಡುಗಿ, ಕಾಕ್ನಿಯೇ ಬಾಯಿಗೆ ಹತ್ತದು. ಅದನ್ನು ಕಲಿಸಿದವರು ಒಬ್ಬ ಅಮೆರಿಕದವರು. ತಾಲೀಮಿನಲ್ಲಿ ಪಾತ್ರ ಕೈಗೆ ಸಿಗದೆ ಒದ್ದಾಡಿದಾಗ ನಿರ್ದೇಶಕ ಮಾಸ್ ಹಾರ್ಟ್ ಉಳಿದವರನ್ನೆಲ್ಲ ಮನೆಗೆ ಕಳಿಸಿ ಎರಡು ದಿನ ಅವಳೊಬ್ಬಳನ್ನೇ ಕೂರಿಸಿಕೊಂಡು ತಿದ್ದಿದ. ಹಿಗ್ಗಿನ್ಸ್ ಕೆಲಸ ಸ್ಟೇಜಿನ ಹೊರಗೂ ನಡೆದಿತ್ತು.

ಶಾಗೆ ಇಂಗ್ಲಿಷ್ ಅಕ್ಷರಗಳ ಮೇಲೇ ಸಿಟ್ಟು. ಅಂದಂತೆ ಬರೆಯೋಕೆ ಹೊಸ ಲಿಪಿ ಬೇಕು, ಕಡಿಮೆ ಅಂದರೂ 40 ಅಕ್ಷರ ಇರಲಿ ಅಂತ ಉಯಿಲಿನಲ್ಲೇ ದುಡ್ಡು ಎತ್ತಿಟ್ಟಿದ್ದ. ನಮ್ಮ ಹತ್ತಿರ 49 ಸಿದ್ಧ ಇದ್ದವು. ಯಾರಾದರೂ ಒಂದು ಕಾರ್ಡು ಬರೆದಿದ್ದರೆ ಸಾಕಿತ್ತು.

ಪ್ಲೇಟಿನಲ್ಲಿ ಇಲ್ಲದ್ದರ ಬಗ್ಗೆ ಹೇಳಬೇಕು. ಮೂರು ಗಂಟೆಯ ಆಟ ಒಂದು ಗಂಟೆಯೊಳಗೆ ಇಳಿಯಬೇಕಾದರೆ ಏನಾದರೂ ಬಿಡಲೇಬೇಕು ಅಲ್ವಾ. ಎರಡನೇ ಮಗ್ಗುಲು ಶುರುವಾಗುವುದು ಕುದುರೆ ರೇಸಿನಲ್ಲಿ. ಅಲ್ಲಿ ಎಲಿಜಾ ಹೊಸ ಇಂಗ್ಲಿಷ್ ಮರೆತು ಕುದುರೆಗೆ ಬೀದಿ ಮಾತಿನಲ್ಲಿ ಕಿರುಚುತ್ತಾಳೆ. ನಾಟಕದ ದೊಡ್ಡ ನಗು ಅದು. ಪ್ಲೇಟಿನಲ್ಲಿ ಇಲ್ಲ. ಅವಳು ಪರೀಕ್ಷೆ ಗೆಲ್ಲುವ ರಾಯಭಾರ ಕಚೇರಿಯ ಕುಣಿತವೂ ಇಲ್ಲ. ನಡುವೆ ಒಬ್ಬ ಹುಡುಗ ಅವಳ ಬೀದಿಯಲ್ಲಿ ನಿಂತು ಹಾಡುತ್ತಾನೆ, ಅಷ್ಟೇ. ಮುಂದಿನ ಹಾಡಿಗೆ ಗಂಡಸರು ಮನೆಗೆ ಬಂದು, ನೀನು ಗೆದ್ದೆ, ನೀನು ಗೆದ್ದೆ ಅಂತ ಒಬ್ಬರ ಬೆನ್ನು ಇನ್ನೊಬ್ಬರು ತಟ್ಟಿಕೊಳ್ಳುತ್ತಿರುತ್ತಾರೆ. ಆಳುಕಾಳುಗಳೂ ಹಿಗ್ಗಿನ್ಸ್‌ಗೆ ಭೇಷ್ ಅನ್ನುತ್ತಾರೆ. ಭಾರೀ ಖುಷಿಯ ಹಾಡು. ಅದು ಮುಗಿದದ್ದೇ, ಎಲಿಜಾ ಕೆಂಡಾಮಂಡಲವಾಗಿ ಆ ಹುಡುಗನ ಮೇಲೆ ಎರಗುತ್ತಾಳೆ. ಯಾಕೆ? ನನಗೆ ಎರಡು ವರ್ಷ ಗೊತ್ತಾಗಲಿಲ್ಲ. ಇವಳಿಗೇನು ಬಂತು ಅಂದುಕೊಂಡು ಪ್ಲೇಟು ಕೇಳುತ್ತಿದ್ದೆ.

ಆಮೇಲೆ 1964ರ ಸಿನಿಮಾ ನೋಡಿದೆ. ಅದರಲ್ಲಿ ಜೂಲಿ ಆಂಡ್ರೂಸ್ ಇಲ್ಲ. ಆಡ್ರೆ ಹೆಪ್‌ಬರ್ನ್ ಇದ್ದಾಳೆ, ಅವಳ ಹಾಡಿಗೆ ಹೆಚ್ಚಾಗಿ ಮಾರ್ನಿ ನಿಕ್ಸನ್ ದನಿ. ಅದು ಇರಲಿ. ಆ ಬೆನ್ನು ತಟ್ಟುವ ಹಾಡು ಬಂತು ನೋಡಿ, ನಾನು ಎದ್ದು ಕೂತೆ. ಎಲಿಜಾ ಅದೇ ಕೋಣೆಯಲ್ಲಿದ್ದಾಳೆ! ಗೌನು ತೊಟ್ಟು, ಒಂದು ಮೂಲೆಯಲ್ಲಿ, ದೀಪದ ಕಂಬದ ಹಾಗೆ ನಿಂತಿದ್ದಾಳೆ. ಅಷ್ಟುದ್ದ ಹಾಡಿನಲ್ಲಿ ಅವಳಿಗೆ ಒಂದು ಸಾಲಿಲ್ಲ. ಯಾರೂ ಅವಳ ಕಡೆ ತಿರುಗುವುದಿಲ್ಲ. ಸ್ಟೇಜಿನಲ್ಲೂ ಅವಳು ಹಾಗೇ ನಿಲ್ಲುತ್ತಾಳೆ. ನೋಡುವವರಿಗೆ ಹಾಡಿಗಿಂತ ಆ ನಿಂತವಳೇ ಜಾಸ್ತಿ ಕಾಣುತ್ತಾಳೆ. ಪ್ಲೇಟಿಗೆ ಕಣ್ಣಿಲ್ಲ. ಬಾಯಿ ಬಿಡದವರು ಅದರ ಪಾಲಿಗೆ ಇಲ್ಲವೇ ಇಲ್ಲ. ಎರಡು ವರ್ಷ ನಾನೂ ಆ ಗಂಡಸರ ಜೊತೆ ಕಾಲು ಕುಣಿಸುತ್ತಾ ಕೂತಿದ್ದೆ.

ಕಳೆದ ಶ್ರಾವಣದಲ್ಲಿ ಅಮ್ಮ ಊರಿಂದ ಬಂದಿದ್ದಳು. ಭಾನುವಾರ ಪ್ಲೇಟು ಹಾಕಿದೆ. ಅಮ್ಮನಿಗೆ ಇಂಗ್ಲಿಷ್ ಬರಲ್ಲ. ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ಹ್ಯಾರಿಸನ್ ಶುರು ಮಾಡಿದ.

"ಅದ್ಯಾಕ್ಲಾ, ಆಡು ಅಂತ ಆಕ್ಬುಟ್ಟು ಮಾತಾಡ್ತಾ ಕೂತವ್ನೆ?"

ಕಥೆ ಹೇಳಿದೆ. ಊವ ಮಾರೋ ಉಡ್ಗಿ, ಮೇಷ್ಟ್ರು, ಮಾತು ತಿದ್ದೋದು. ಅವಳ ಮುಂದೆ ನನಗೂ ಹಕಾರ ಬಿಟ್ಟುಹೋಗುತ್ತದೆ. ಎಲಿಜಾ ಹಾಡಿದಾಗ ಅಮ್ಮ ತಲೆದೂಗಿದಳು, "ಒಳ್ಳೆ ಕಂಠ" ಅಂದಳು. ನಾನು ಪ್ಲೇಟು ಮಗುಚಿ ಹಾಕಿದೆ. ರೇಸು ಆಯಿತು, ಬೀದಿಯ ಹುಡುಗ ಆಯಿತು, ಬೆನ್ನು ತಟ್ಟುವ ಹಾಡು ಬಂತು. ಗಂಡು ದನಿಗಳು ಏರುತ್ತಾ ಹೋದವು. ಅಮ್ಮನ ಕೈ ನಿಂತಿತು. ಸುಲಿದ ಕಾಳು ಬೆರಳಲ್ಲೇ ಇತ್ತು.

"ಅದ್ಸರಿ, ಆ ಉಡ್ಗಿ ಎಲ್ಲೋದ್ಲು?"