ಸಾಸಿವೆಯ ಬಡ ನೆಂಟ

ಚಿಕ್ಕದು ಎನ್ನಬೇಕಾದಾಗಲೆಲ್ಲ ನಮ್ಮ ನಾಲಿಗೆಗೆ ಬರುವುದು ಸಾಸಿವೆ ಕಾಳು. ಸಸ್ಯವಿಜ್ಞಾನದಲ್ಲಿ ಪಿಎಚ್.ಡಿ. ಮಾಡುವವರ ಮುಂದೆ ಈ ಹೋಲಿಕೆ ನಡೆಯುವುದಿಲ್ಲ. ಅವರ ಕಣ್ಣಿಗೆ ಸಾಸಿವೆಯೆಂದರೆ ಕುಂಬಳಕಾಯಿ. ಅವರು ಸಾಕುವ ಅರಬಿಡಾಪ್ಸಿಸ್ ಎಂಬ ಗಿಡ ಅದೇ ಸಾಸಿವೆ ಕುಟುಂಬದ್ದಾದರೂ ಅದರ ಬೀಜ ಅರ್ಧ ಮಿಲಿಮೀಟರ್ ಅಷ್ಟೇ. 1000 ಬೀಜ ಸೇರಿಸಿ ತೂಗಿದರೆ ಸುಮಾರು 20 ಮಿಲಿಗ್ರಾಂ. ಯಾರೂ ಇದನ್ನು ಬೆಳೆಯೆಂದು ಬೆಳೆಯುವುದಿಲ್ಲ. ಕಳೆಯ ಜಾತಿ, ಸಾಸಿವೆಯ ಬಡ ನೆಂಟ. ಆದರೂ ಸಸ್ಯಗಳ ಪೈಕಿ ಮೊದಲು ಜೀನೋಮ್ ಓದಿಸಿಕೊಂಡ ಹೆಗ್ಗಳಿಕೆ ಇದರದ್ದೇ, 2000ದ ಇಸವಿಯಲ್ಲಿ. 5 ಜೊತೆ ಕ್ರೋಮೋಸೋಮು, ಗೇಣು ಎರಡು ಗೇಣಿನ ಮೈ, ಹೂವು ಅರಳುವ ಮೊದಲೇ ಒಳಗೊಳಗೇ ಪರಾಗಸ್ಪರ್ಶ, ಬಿತ್ತಿದ 6ರಿಂದ 8 ವಾರಕ್ಕೆ ಮತ್ತೆ ಬೀಜ. ಸಂಶೋಧಕರಿಗೆ ಇಷ್ಟು ಸಾಕು.

ಈ 6ರಿಂದ 8 ವಾರವನ್ನು ಪುಸ್ತಕಗಳು ‘ಅತಿ ಬೇಗ’ ಎಂದು ಕರೆಯುತ್ತವೆ. ಪಕ್ಕದ ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಇಟ್ಟುಕೊಂಡವರಿಗೆ 20 ನಿಮಿಷಕ್ಕೊಂದು ಪೀಳಿಗೆ. ಅವರು ಸಂಜೆ ಹಾಕಿ ಬೆಳಗ್ಗೆ ಫಲಿತಾಂಶ ನೋಡುತ್ತಾರೆ. ಗಿಡದವರು ಸಂಜೆ ಹಾಕಿ ಹೊಸ ಕ್ಯಾಲೆಂಡರ್ ತಂದುಕೊಳ್ಳುತ್ತಾರೆ.

ಬೀಜ ಹಾಕುವುದಕ್ಕೂ ಮೊದಲು ಅದಕ್ಕೆ ಮಡಿ ಮಾಡಿಸಬೇಕು. ಪುಟ್ಟ ಟ್ಯೂಬಿನಲ್ಲಿ 70 ಶೇಕಡಾ ಎಥನಾಲ್ ಹಾಕಿ ಒಂದೆರಡು ನಿಮಿಷ ಅಲುಗಿಸಿ, ಅದನ್ನು ತೆಗೆದು, ಅರ್ಧಕ್ಕರ್ಧ ನೀರು ಬೆರೆಸಿದ ಬ್ಲೀಚಿಗೆ ಟ್ವೀನ್ ಎಂಬ ಸಾಬೂನಿನಂಥ ದ್ರವ ಒಂದು ಹನಿ ಸೇರಿಸಿ 5ರಿಂದ 10 ನಿಮಿಷ, ಆಮೇಲೆ ಶುದ್ಧೀಕರಿಸಿದ ನೀರಿನಲ್ಲಿ ನಾಲ್ಕೈದು ಸಲ ತೊಳೆ. ಟ್ವೀನ್ ಇಲ್ಲದಿದ್ದರೆ ಬೀಜ ಒದ್ದೆಯಾಗದೆ ತೇಲುತ್ತದೆ, ತೇಲಿದ್ದಕ್ಕೆ ಬ್ಲೀಚು ಸರಿಯಾಗಿ ತಾಗುವುದಿಲ್ಲ. ಹೊತ್ತು ಹೆಚ್ಚಾದರೆ ಬೂಸ್ಟಿನ ಜೊತೆ ಬೀಜವೂ ಸಾಯುತ್ತದೆ. ಇಷ್ಟು ಮಾಡಿದರೂ ಮೂರನೇ ದಿನ ಬೀಜ ಇಟ್ಟ ತಟ್ಟೆಯಲ್ಲಿ ಬೂದು ಹತ್ತಿ ಅರಳಿತೆಂದರೆ ಬ್ಲೀಚನ್ನು ಬೈಯಬೇಡಿ. ಬಹುತೇಕ ಸಲ ತಪ್ಪು ಬೀಜ ಬಿಡಿಸಿದ ದಿನದ್ದು. ಕಾಯಿಯ ಸಿಪ್ಪೆ, ಒಣ ಎಲೆಯ ಚೂರು ಜರಡಿಯಾಗದೆ ಉಳಿದಿರುತ್ತದೆ, ಬೂಸ್ಟಿನ ಬೀಜಕಗಳು ಕುಳಿತಿರುವುದು ಅದರ ಸಂದಿಯಲ್ಲಿ.

ತಟ್ಟೆಯೊಳಗೆ ಬೀಜ ಮಲಗುವ ಹಾಸಿಗೆಯನ್ನೂ ಸಿದ್ಧ ಮಾಡಬೇಕು. 1962ರಲ್ಲಿ ಮುರಾಶಿಗೆ ಮತ್ತು ಸ್ಕೂಗ್ ರೂಪಿಸಿದ ಲವಣಮಿಶ್ರಣದ ಅರ್ಧ ಪ್ರಮಾಣ, ಅದನ್ನು ಜೆಲ್ಲಿಯಂತೆ ಗಟ್ಟಿ ಮಾಡಲು ಲೀಟರಿಗೆ 8 ಗ್ರಾಂ ಅಗರ್, ಪಿಎಚ್ 5.7. ಹೊಸಬರು ತಪ್ಪುವುದು ಈ ಕೊನೆಯದರಲ್ಲೇ. ಲವಣ ಕರಗಿದ ನೀರು ತಾನಾಗಿಯೇ ಹುಳಿಯಾಗಿರುತ್ತದೆ; ಪೊಟಾಸಿಯಂ ಹೈಡ್ರಾಕ್ಸೈಡ್ ಹನಿಸಿ ಮೇಲೆತ್ತಲು ಮರೆತು ಹಾಗೇ 121 ಡಿಗ್ರಿಯ ಒತ್ತಡದ ಹಬೆಯಲ್ಲಿ 20 ನಿಮಿಷ ಆಟೋಕ್ಲೇವ್ ಮಾಡಿದರೆ, ಹುಳಿ ಮತ್ತು ಬಿಸಿ ಸೇರಿ ಅಗರಿನ ಸರಪಳಿಯನ್ನೇ ತುಂಡರಿಸುತ್ತವೆ. ಮರುದಿನ ತಟ್ಟೆ ಓರೆ ಮಾಡಿದರೆ ಗಂಜಿ ಹರಿದಂತೆ ಹರಿಯುತ್ತದೆ. ಅಗರ್ ಕಂಪನಿ ಕೆಟ್ಟದ್ದು ಎಂಬ ತೀರ್ಮಾನಕ್ಕೆ ಬರುವ ಮೊದಲು ಪಿಎಚ್ ಮೀಟರಿನ ಎಲೆಕ್ಟ್ರೋಡು ಒಣಗಿ ಕೂತಿದೆಯೇ ಎಂದು ನೋಡುವುದು ಒಳ್ಳೆಯದು.

ಬೀಜವನ್ನು ಒಂದೊಂದಾಗಿ ಇಡಲು ಒದ್ದೆ ಮಾಡಿದ ಹಲ್ಲುಕಡ್ಡಿಯೇ ಸಾಕು. ತುದಿಗೆ ಬೀಜ ಅಂಟಿಕೊಂಡು ಬರುತ್ತದೆ, ಅಗರಿಗೆ ತಾಗಿಸಿದರೆ ಅಲ್ಲಿ ಇಳಿಯುತ್ತದೆ. ಒಂದು ತಟ್ಟೆಗೆ ನೂರು ಬೀಜ, ಹತ್ತು ತಟ್ಟೆ. ಕತ್ತು ಹಿಡಿದುಕೊಳ್ಳುವುದು ಆರನೆಯದರಲ್ಲಿ. ಇಟ್ಟು ಮುಗಿಸಿದ ತಟ್ಟೆ ನೇರ ಬೆಳಕಿಗೆ ಹೋಗುವಂತಿಲ್ಲ. 4 ಡಿಗ್ರಿಯ ಕತ್ತಲಲ್ಲಿ ಮೂರು ದಿನ ಚಳಿಗಾಲದ ಭ್ರಮೆ ಹುಟ್ಟಿಸಬೇಕು. ಆಗಷ್ಟೇ ಎಲ್ಲವೂ ಒಟ್ಟಿಗೆ ಏಳುತ್ತವೆ. ಅವಸರಪಟ್ಟು ಇದನ್ನು ಬಿಟ್ಟರೆ ಒಂದು ಇಂದು, ಇನ್ನೊಂದು ಆಚೆ ನಾಡಿದ್ದು. ಬೇರಿನ ಉದ್ದ ಅಳೆಯಲು ಹೋದಾಗ ಅಳೆದದ್ದು ಜೀನಿನ ಪ್ರಭಾವವೋ ಸೋಮಾರಿತನದ ವ್ಯತ್ಯಾಸವೋ ತಿಳಿಯುವುದಿಲ್ಲ.

ಹೊಸ ಜೀನ್ ಸೇರಿಸುವ ವಿಧಾನ ಕೇಳಿದರೆ ತಮಾಷೆ ಎನಿಸುತ್ತದೆ. ಗಿಡದೊಳಕ್ಕೆ ಜೀನು ಸಾಗಿಸಬಲ್ಲ ಅಗ್ರೋಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾ ಕದಡಿದ 5 ಶೇಕಡಾ ಸಕ್ಕರೆ ನೀರು, ಅದಕ್ಕೆ ಸಿಲ್ವೆಟ್ ಎಂಬ ಸಾಬೂನಿನಂಥ ದ್ರವ 0.05 ಶೇಕಡಾ, ಕುಂಡವನ್ನು ತಲೆಕೆಳಗೆ ಹಿಡಿದು ಹೂಗೊಂಚಲನ್ನು ಕೆಲವು ಸೆಕೆಂಡು ಮುಳುಗಿಸಿ, ಅಡ್ಡ ಮಲಗಿಸಿ, ಒಂದು ರಾತ್ರಿ ಮುಚ್ಚಿಡುವುದು. ಕ್ಲಫ್ ಮತ್ತು ಬೆಂಟ್ 1998ರಲ್ಲಿ ಹೀಗೆ ಸರಳ ಮಾಡಿಟ್ಟಿದ್ದಾರೆ. ಮುಳುಗಿಸುವ ಗಿಡದಲ್ಲಿ ಎಳೆ ಮೊಗ್ಗು ತುಂಬಿರಬೇಕು. ಆಗಲೇ ಕಟ್ಟಿದ ಕಾಯಿಗಳನ್ನು ಕಿತ್ತೆಸೆದರೆ ಬೆರಕೆ ಕಡಿಮೆ. ಫಲವೆಷ್ಟು? ನೂರಕ್ಕೊಂದು ಬೀಜ ಒಲಿದರೆ ಪುಣ್ಯ.

ಆ ಒಂದನ್ನು ಹುಡುಕುವುದು ಕ್ಯಾನಮೈಸಿನ್ ಎಂಬ ಆ್ಯಂಟಿಬಯೋಟಿಕ್ ಬೆರೆಸಿದ ತಟ್ಟೆಯಲ್ಲಿ; ಹೊಸ ಜೀನಿನ ಜೊತೆಗೇ ಈ ಮದ್ದನ್ನು ತಡೆದುಕೊಳ್ಳುವ ಜೀನನ್ನೂ ಸೇರಿಸಿರುತ್ತಾರೆ. 40 ಮಿಲಿಗ್ರಾಂ, ಅಂದರೆ 2000 ಬೀಜ ಹರಡಿದರೆ ಎಲ್ಲವೂ ಮೊಳೆಯುತ್ತವೆ, ಎಲ್ಲವೂ ಮೊದಲು ಹಸಿರಾಗಿಯೇ ಕಾಣುತ್ತವೆ. ಏಳೆಂಟು ದಿನಕ್ಕೆ ಬಣ್ಣ ಬಯಲಾಗುತ್ತದೆ: ಬಿಳಿಚಿದ ಎರಡು ಬೀಜದೆಲೆ, ಮೊಂಡು ಬೇರು, ಅಲ್ಲಿಗೆ ನಿಂತವು ಸಾವಿರಾರು; ಅವುಗಳ ನಡುವೆ ಅಲ್ಲೊಂದು ಇಲ್ಲೊಂದು ಕಡುಹಸಿರು ಸಸಿ, ಮೂರನೆಯ ಎಲೆ ಚಿಗುರಿಸಿ, ಬೇರನ್ನು ಅಗರಿನೊಳಕ್ಕೆ ಇಳಿಸಿದ್ದು. ಈ ನೋಟಕ್ಕೆ ಬೇಸರ ಬರುವುದಿಲ್ಲ. ಬೀಜ ಒತ್ತೊತ್ತಾಗಿ ಬಿದ್ದಿದ್ದರೆ ಮಾತ್ರ ಒಂದರ ನೆರಳಲ್ಲಿ ಇನ್ನೊಂದು ಮದ್ದು ತಾಗದೆ ಬದುಕಿ, ಜೀನಿಲ್ಲದ ಗಿಡವೆಂಬ ಗುಟ್ಟು ಮಣ್ಣಿಗೆ ಹೋದ ಮೇಲಷ್ಟೇ ಬಯಲಾಗುತ್ತದೆ.

ಇಷ್ಟಾದರೂ ಕೈಗೆ ಬಂದದ್ದು ಕ್ರೋಮೋಸೋಮಿನ ಜೋಡಿಯಲ್ಲಿ ಒಂದರಲ್ಲಿ ಮಾತ್ರ ಜೀನು ಕೂತ ಗಿಡ. ಅದರ ಮಕ್ಕಳಲ್ಲಿ ಮೆಂಡೆಲ್ ಹೇಳಿದ ಮೂರಕ್ಕೊಂದು ಲೆಕ್ಕ ಬಂದರೆ, ಅಂದರೆ ನೂರರಲ್ಲಿ 75 ಹಸಿರು 25 ಬಿಳಿ ಇದ್ದರೆ, ಜೀನು ಒಂದೇ ಜಾಗದಲ್ಲಿ ಕೂತಿದೆ. 94 ಹಸಿರು ಬಂದರೆ ಎರಡು ಕಡೆ ಕೂತಿರಬೇಕು. ಪೂರ್ತಿ ಹಸಿರು ಕೊಡುವ ಸಂತತಿ ಸಿಗುವುದು ಮೊಮ್ಮಕ್ಕಳ ಕಾಲಕ್ಕೆ. ಮುಳುಗಿಸಿದ ದಿನದಿಂದ ಎಣಿಸಿದರೆ, ಎಲ್ಲ ನೆಟ್ಟಗಿದ್ದರೆ, ಎಂಟು ತಿಂಗಳ ಆಸುಪಾಸು. ಈ ಎಂಟು ತಿಂಗಳಲ್ಲಿ ಪ್ರತಿ ವಾರವೂ ಗೈಡ್ ಕೇಳುವುದು ಒಂದೇ ಪ್ರಶ್ನೆ, ವಿದ್ಯಾರ್ಥಿ ಕೊಡುವುದೂ ಒಂದೇ ಉತ್ತರ: ‘ಇನ್ನೂ ಹೂವು ಬಿಟ್ಟಿಲ್ಲ ಮೇಡಂ.’

ನೆಟ್ಟಗಿರದಿರಲು ಸಾವಿರ ದಾರಿ. ಚಂದ್ರನಿಂದ ತಂದ ಮಣ್ಣಿನಲ್ಲೂ ಅರಬಿಡಾಪ್ಸಿಸ್ ಮೊಳೆತ ಸುದ್ದಿ 2022ರಲ್ಲಿ ಬಂತು; ಲ್ಯಾಬಿನ ಟ್ರೇಯಲ್ಲಿ ಅದೇ ಗಿಡ ಒಂದು ಸಣ್ಣ ಕಪ್ಪು ನೊಣಕ್ಕೆ ಸೋಲುತ್ತದೆ. ನೊಣ ಮೊಟ್ಟೆಯಿಡುವುದು ಸದಾ ಒದ್ದೆಯಿರುವ ಮೇಲ್ಮಣ್ಣಿನಲ್ಲಿ, ಮರಿಹುಳ ಎಳೆ ಬೇರು ಮೇಯುತ್ತದೆ. ಮೇಲಿಂದ ಸುರಿಯದೆ ಟ್ರೇಗೆ ನೀರು ಹಾಕಿ, ಹೀರಿಕೊಂಡ ಮೇಲೆ ಮಿಕ್ಕಿದ್ದನ್ನು ಚೆಲ್ಲಿದರೆ ಅರ್ಧ ಉಪದ್ರವ ತಗ್ಗುತ್ತದೆ. ಪ್ರೀತಿ ಹೆಚ್ಚಾಗಿ ದಿನಾ ನೀರು ಹಾಕುವವರ ಗಿಡವೇ ಮೊದಲು ಹೋಗುವುದು.

ಕೊನೆಗೆ ಬೀಜ ಬಿಡಿಸುವ ದಿನ. ಫ್ಯಾನು ಆರಿಸಿ, ಬಿಳಿ ಹಾಳೆ ಹಾಸಿ, ಒಣಗಿದ ಕಾಯಿಗಳನ್ನು ಕೈಯಲ್ಲಿ ಉಜ್ಜಿ, ಜರಡಿ ಹಿಡಿದು, ಹಾಳೆಯ ಮಡಿಕೆಯಿಂದ ಟ್ಯೂಬಿಗೆ ಇಳಿಸುವಷ್ಟು ಹೊತ್ತು ಸೀನು ಬರಬಾರದು. ಒಣ ಹವೆಯಲ್ಲಿ ಬೀಜ ಪ್ಲಾಸ್ಟಿಕ್ಕಿಗೂ ಕೈಗವಸಿಗೂ ಹಾರಿ ಅಂಟಿಕೊಂಡು, ಮುಂದಿನ ತಳಿಯೊಳಗೆ ಸೇರಿಕೊಳ್ಳುತ್ತದೆ. ಒಂದೊಂದು ತಳಿಗೂ ಹೊಸ ಹಾಳೆ ಬೇಕು. ಹೆಸರನ್ನು ಪೆನ್ಸಿಲಿನಲ್ಲಿ ಬರೆದ ಚೀಟಿ ಒಳಗೂ ಒಂದಿರಲಿ. ಮಾರ್ಕರಿನದು ಎಥನಾಲ್ ತಾಗಿದರೆ ಹೋಯಿತು.

ಪ್ರತಿ ಲ್ಯಾಬಿನ ಬೀಜದ ಡಬ್ಬಿಯಲ್ಲೂ ಡಿಗ್ರಿ ಮುಗಿಸಿ ಹೋದ ಯಾರದೋ ಕೈಬರಹದ ಟ್ಯೂಬೊಂದು ಇದ್ದೇ ಇರುತ್ತದೆ: ‘7ನೇ ಲೈನ್, ಚೆನ್ನಾಗಿದೆ.’ ಯಾವ ಜೀನು, ಎಷ್ಟನೇ ಪೀಳಿಗೆ, ಯಾವುದರಲ್ಲಿ ಚೆನ್ನಾಗಿದೆ, ಒಂದೂ ಬರೆದಿಲ್ಲ. ಎಸೆಯಲು ಮನಸ್ಸು ಬರುವುದಿಲ್ಲ. 20 ಬೀಜ ತೆಗೆದು, ಬ್ಲೀಚಿನಲ್ಲಿ ತೊಳೆದು, ಮೂರು ದಿನ ಚಳಿಗೆ ಇಡುತ್ತಾರೆ.